ಸವಾಲು ಕೇಳಿ ಎದ್ದುಬಂದ ಶ್ರಾವಣ

ಕಳೆದ ತಿಂಗಳು ಕುಷ್ಟಗಿಯ ಕಾಲೇಜಿನವರು ನನ್ನನ್ನು ಚರ್ಚಾ ಸ್ಪರ್ಧೆಯೊಂದಕ್ಕೆ ತೀರ್ಪುಗಾರಳಾಗಿ ಕರೆದಿದ್ದರು. ಬಸ್ ನಿಲ್ದಾಣದಿಂದ ನಡೆದು ಹೋಗುವಾಗ ಹಳೆಯ ಗಾದಿಗಳನ್ನು ಬಿಚ್ಚಿ ಅರಳೆ ಹಿಂಜುವ ಅಂಗಡಿಯೊಂದನ್ನು ಹಾಯಬೇಕಾಯಿತು. ಹತ್ತಾರು ವರ್ಷ ಮನುಷ್ಯರ ಮೈಭಾರ ಹೊತ್ತ ಹತ್ತಿ ಯಂತ್ರದ ಬಾಯಿಗೆ ಬಿದ್ದಾಗ ಏಳುವ ದೂಳಿಗೆ ಅದರದೇ ಒಂದು ವಾಸನೆಯಿದೆ. ಒಣಗಿದ ಬೆವರು, ತಲೆಗೆ ಹಚ್ಚಿದ ಎಣ್ಣೆ, ಬಿಸಿಲಿಗೆ ಹಾಕಿದ ಬಟ್ಟೆ, ಮೂರೂ ಕೂಡಿದಂತಹ ವಾಸನೆ. ಮೂಗಿಗೆ ಸೆರಗು ಹಿಡಿದು ದಾಟಿದೆ. ಆದರೆ ಸ್ಪರ್ಧೆ ಮುಗಿಯುವವರೆಗೂ ನನ್ನ ಮನಸ್ಸು ಆ ಊರಿನಲ್ಲಿ ನಾನು ಅತಿಥಿ ಉಪನ್ಯಾಸಕಿಯಾಗಿ ಕಳೆದ ಒಂದೇ ಒಂದು ವರ್ಷದಲ್ಲಿತ್ತು.

ಆಗ ನನಗೆ ಇಪ್ಪತ್ತಾರು. ಧಾರವಾಡದಲ್ಲಿ ಓದುವಾಗ ಚರ್ಚೆಯಲ್ಲಿ ಪಳಗಿದವಳು. ವಿಷಯ ಕೊಡುತ್ತಿದ್ದರು, ಚೀಟಿ ಎತ್ತುತ್ತಿದ್ದೆವು, ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಬೆಳಿಗ್ಗೆ ಸಮರ್ಥಿಸಿ ಗೆದ್ದ ವಿಷಯವನ್ನು ಮಧ್ಯಾಹ್ನ ಖಂಡಿಸಿ ಗೆದ್ದದ್ದುಂಟು. ಇದನ್ನು ನಾನು ಮನಸ್ಸಿನ ಸ್ವಾತಂತ್ರ್ಯವೆಂದು ನಂಬಿದ್ದೆ. ಸಮಾಜವನ್ನು ತಿದ್ದಲು ಒಳ್ಳೆಯ ವಾದವೊಂದು ಸಾಕೆಂದೂ ನಂಬಿದ್ದೆ. ಕೊಪ್ಪಳದ ವಾರಪತ್ರಿಕೆಯೊಂದು ನನಗೆ ಅಂಕಣ ಕೊಟ್ಟಾಗ, ತಿದ್ದಬೇಕಾದವುಗಳ ಪಟ್ಟಿ ನನ್ನ ಚೀಲದಲ್ಲಿ ಸಿದ್ಧವಾಗಿಯೇ ಇತ್ತು.

ಆ ವರ್ಷ ಮುಂಗಾರು ಹದವಾಗಿ ಬಂದಿತ್ತು. ಕುಷ್ಟಗಿಯ ಸುತ್ತ ಕೆಂಪು ಮರಳು ನೆಲದಲ್ಲಿ ಸಜ್ಜೆ ಎದೆಯೆತ್ತರ ನಿಂತಿತ್ತು. ಶ್ರಾವಣದ ಕೊನೆಯ ಸೋಮವಾರ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯಲ್ಲಿ ಗೀಗೀ ಪದದ ಹಾಡಿಕೆ ಇದೆಯೆಂದು ವಿದ್ಯಾರ್ಥಿಯೊಬ್ಬ ಹೇಳಿದ. ನೋಡಲು ಹೋದೆ. ಅಲ್ಲಿಯದು ಎರೆಭೂಮಿ, ಜಿಟಿಜಿಟಿ ಮಳೆಗೆ ಚಪ್ಪಲಿಗೆ ಹತ್ತಿದ ಮಣ್ಣು ಹೆಜ್ಜೆಹೆಜ್ಜೆಗೂ ತೂಕ ಏರಿಸಿಕೊಳ್ಳುತ್ತಿತ್ತು.

ಗುಡಿಯ ಕಟ್ಟೆಯ ಮೇಲೆ ಎರಡು ಮೇಳಗಳು ಎದುರುಬದುರು ನಿಂತಿದ್ದವು. ಈ ಹಾಡಿಕೆಯನ್ನು ಕಾಣದವರಿಗೆ ಒಂದು ಮಾತು: ಹರದೇಶಿ ಮೇಳ ಗಂಡು ಹೆಚ್ಚೆಂದು ಹಾಡಬೇಕು, ನಾಗೇಶಿ ಮೇಳ ಹೆಣ್ಣು ಹೆಚ್ಚೆಂದು ಹಾಡಬೇಕು. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಯಾರು ಯಾವ ಕಡೆ ಎಂಬುದು ಗುರುವಿನಿಂದ ಬರುತ್ತದೆ. ಒಮ್ಮೆ ಬಂದರೆ ಸಾಯುವವರೆಗೂ ಅದೇ.

ಅಂದು ಹರದೇಶಿ ಹಾಡಿದವರು ಕುಷ್ಟಗಿಯ ಮೌಲಾಸಾಬ. ಗಾದಿ ಹೊಲಿಯುವ ಪಿಂಜಾರರು, ಅರವತ್ತೈದರ ಆಸುಪಾಸು, ಒಣಗಿದ ಮೈ, ಮೈಗೆ ಮೀರಿದ ದನಿ. ದಪ್ಪು ಬಡಿಯುತ್ತ ಹರನ ಹೆಸರಿನಲ್ಲಿ ಗಂಡಿನ ಹಿರಿಮೆ ಎತ್ತಿದರು.

"ಬೀಜ ಬೀಳದ ಭೂಮಿ ಬರಡಂತ ತಿಳಿ ಮೊದಲ,
ಗಂಡು ಬೀಜ ಕೇಳ, ಹೆಣ್ಣು ಬರೀ ನೆಲ!"

ಜನ ಕೇಕೆ ಹಾಕಿದರು. ಹೆಂಗಸರೂ ಸೆರಗು ಬಾಯಿಗೆ ಹಿಡಿದು ನಕ್ಕರು. ನಾನು ನಗಲಿಲ್ಲ. ಸುಮಾರು ಎರಡು ತಾಸು ಹೆಣ್ಣಿನ ಅಡುಗೆ, ಹೆಣ್ಣಿನ ಬುದ್ಧಿ, ಹೆಣ್ಣಿನ ಹಟ ಎಲ್ಲವನ್ನೂ ಅವರು ಜಾಲಾಡಿದರು. ನಾಗೇಶಿ ಹಾಡುವ ಅದೇ ಊರಿನ ಹುಲಿಗೆವ್ವ ಎದ್ದು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಾಗ ಕುಷ್ಟಗಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತು. ನಾನು ಎದ್ದುಬಂದೆ.

ಆ ವಾರದ ಅಂಕಣ ನನ್ನ ಒಳ್ಳೆಯ ಬರಹಗಳಲ್ಲಿ ಒಂದು ಎಂದು ಆಗ ಅನ್ನಿಸಿತ್ತು. 'ಪರಂಪರೆಯ ಹೆಸರಿನಲ್ಲಿ ಹೆಣ್ಣನ್ನು ಹೀಗಳೆಯುವ ಬಾಯಿಗೆ ವೇದಿಕೆ ಕೊಡುವುದು ಆ ಹೀಗಳಿಕೆಯಲ್ಲಿ ಪಾಲು ಪಡೆದಂತೆ' ಎಂಬ ವಾಕ್ಯವನ್ನು ಮೂರು ಸಲ ತಿದ್ದಿ ಬರೆದಿದ್ದೆ. ಅದೇ ವಾರ ಯಾರೋ ಮೌಲಾಸಾಬರ ಹಾಡಿನ ಅರ್ಧ ನಿಮಿಷದ ತುಣುಕನ್ನು ಫೋನಿನಲ್ಲಿ ಹಿಡಿದು, ನನ್ನ ವಾಕ್ಯವನ್ನು ಅದರ ಮೇಲೆ ಅಂಟಿಸಿ ಹರಿಬಿಟ್ಟರು. ಗಂಗಾವತಿಯಿಂದ ಗದಗಿನವರೆಗೆ ಗೊತ್ತಿದ್ದವರೆಲ್ಲ ಅದನ್ನು ನನಗೇ ಕಳಿಸಿ ಅಭಿನಂದಿಸಿದರು.

ಹದಿನೈದು ದಿನದ ಮೇಲೆ ದಿಂಬು ಕೊಳ್ಳಲು ಬಸ್ ನಿಲ್ದಾಣದ ಹತ್ತಿರದ ಗಾದಿ ಅಂಗಡಿಗೆ ಹೋದಾಗ ಅದು ಮೌಲಾಸಾಬರದೆಂದು ತಿಳಿಯಿತು. ಹಿಂದಿರುಗುವಷ್ಟರಲ್ಲಿ, ಅಂಕಣದ ಮೇಲಿನ ಫೋಟೋ ನೋಡಿದ್ದ ಅವರು ನನ್ನನ್ನು ಗುರುತಿಸಿಬಿಟ್ಟರು.

"ಬರ್ರಿ ಅಕ್ಕೋರ, ಕುಂಡ್ರಿ. ಹೊಸಾ ಗಾದಿ ಐತಿ, ಇನ್ನೂ ಯಾರೂ ಕುಂತಿಲ್ಲ. ನನ್ನ ಬಗ್ಗೆ ಪೇಪರಿನ್ಯಾಗ ಭಾಳ ಛಲೋ ಬರದೀರಿ."

"ಛಲೋ ಬರೆದಿಲ್ಲಲ್ರಿ," ಎಂದೆ.

"ಹೆಣ್ಣಿನ ವೈರಿ ಅಂತ ಬರದೀರಲ್ಲ. ನನ್ನ ಹೇಣ್ತಿ ಓದಿಸಿ ಕೇಳಿ, 'ಇವಂಗ ಇಷ್ಟ ಧೈರ್ಯ ಎಲ್ಲಿಂದ ಬಂತು?' ಅಂತ ಇನ್ನೂ ನಗಾಕತ್ಯಾಳ." ಸೂಜಿಗೆ ದಾರ ಪೋಣಿಸುತ್ತ ಅವರು ತಲೆ ಎತ್ತದೆ ಕೇಳಿದರು: "ಅದಿರಲಿ. ಹುಲಿಗೆವ್ವನ ಜವಾಬು ಹೆಂಗ ಅನ್ನಿಸ್ತು?"

ಬಸ್ಸಿಗೆ ಹೊರಟುಬಂದೆನೆಂದು ಹೇಳಿದೆ.

"ಹಂಗಾರ ನೀವು ಬರದದ್ದು ನಮ್ಮ ಹಾಡಿಕಿ ಬಗ್ಗೆ ಅಲ್ಲ ಬಿಡ್ರಿ. ಬಸ್ಸಿನ ಟೈಮಿನ ಬಗ್ಗೆ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ವಿಷಯವನ್ನು ಸಾವಕಾಶವಾಗಿ ಹೇಳಿದರು. ದಸರೆಯವರೆಗೆ ಹಾಡಿಕೆಗೆ ಬರಬೇಕೆಂದು ನಾಲ್ಕು ಊರಿನವರು ಎಲೆ ಅಡಿಕೆ ಕೊಟ್ಟುಹೋಗಿದ್ದರು. ಎಲೆ ಅಡಿಕೆ ಕೊಟ್ಟ ಊರು ಬರಬೇಡಿರೆಂದು ಬಾಯಿಬಿಟ್ಟು ಹೇಳುವುದಿಲ್ಲ, ಅದು ಇಲ್ಲಿಯ ರೀತಿಯಲ್ಲ. ಸುಮ್ಮನಾಗುತ್ತದೆ. ನಾಲ್ಕೂ ಊರು ಸುಮ್ಮನಾಗಿದ್ದವು.

"ನಂದೇನು ಬಿಡ್ರಿ, ಸೂಜಿ ಐತಿ, ಅರಳಿ ಐತಿ. ಹುಲಿಗೆವ್ವನ ಹಣೆಬರಹ ನೋಡ್ರಿ. ನಾ ಸವಾಲು ಹಾಕಲಿಲ್ಲಂದ್ರ ಆಕಿ ಯಾರಿಗೆ ಜವಾಬು ಕೊಡಬೇಕು? ಕಲಾವಿದರ ಮಾಸಾಶನಕ್ಕ ಅರ್ಜಿ ಹಾಕ್ಯಾಳ. ಈ ವರ್ಷ ಎಲ್ಲ್ಯರೆ ಹಾಡಿದ್ದಕ್ಕ ಪ್ರಮಾಣಪತ್ರ ತಗೊಂಬಾ ಅಂದಾರಂತ ಕೊಪ್ಪಳದಾಗ. ಮಂಗಳೂರಿನ್ಯಾಗ ಕಟ್ಟಿ ಮ್ಯಾಲೆ ಹಾಡಿದ್ದಕ್ಕ ಯಾರು ಶಿಕ್ಕಾ ಒತ್ತತಾರ?"

ಹೆಣ್ಣಿನ ಪರವಾಗಿ ನಾನು ಬರೆದದ್ದು, ಮೂವತ್ತು ವರ್ಷ ಹೆಣ್ಣಿನ ಪರವಾಗಿ ಹಾಡಿದವಳ ಬಾಯಿಯನ್ನೇ ಕಟ್ಟಿತ್ತು. ಇದನ್ನು ಅರಿಯಲು ಚರ್ಚೆಯ ತರಬೇತಿ ಬೇಕಿರಲಿಲ್ಲ. ಆದರೆ ತಪ್ಪು ಕಂಡ ಕೂಡಲೆ ಅದರಿಂದ ಇನ್ನೊಂದು ಸುಧಾರಣೆಯನ್ನು ಹೊಸೆಯುವುದು ನನ್ನಂಥವರ ರೂಢಿ. ದಸರೆ ಕಳೆದ ಮೇಲೆ, ಆ ನಾಲ್ಕು ಊರುಗಳಲ್ಲಿ ಹಾಡಿಕೆಯ ಬದಲು ಏನು ನಡೆಯಿತೆಂದು ವಿಚಾರಿಸಿದೆ. ಗೋಡೆಯೆತ್ತರದ ಡಿಜೆ ಪೆಟ್ಟಿಗೆಗಳು ಬಂದಿದ್ದವು. ಹೆಣ್ಣಿನ ನಡು, ಕಣ್ಣು, ಕೊಬ್ಬನ್ನು ಕುರಿತ ಪದಗಳಿಗೆ ಹುಡುಗರು ಕುಣಿದಿದ್ದರು. ಆ ಪೆಟ್ಟಿಗೆಯ ಹಾಡಿನಲ್ಲಿ ಹೆಣ್ಣಿಗೆ ಜವಾಬು ಕೊಡುವ ಸರದಿಯೇ ಇಲ್ಲ. ಅದನ್ನು ಕುರಿತು ಯಾರೂ ಅಂಕಣ ಬರೆದಿರಲಿಲ್ಲ, ನಾನೂ ಬರೆದಿರಲಿಲ್ಲ. ಹಳೆಯದರಲ್ಲಿ ದೋಷ ಹುಡುಕುವವರು ಹೊಸದನ್ನು ಹವಾಮಾನದಂತೆ ಒಪ್ಪಿಕೊಂಡುಬಿಡುತ್ತಾರೆ. ಮಳೆ ಬಂತೆಂದು ಯಾರೂ ಮಳೆಯೊಡನೆ ವಾದಿಸುವುದಿಲ್ಲವಲ್ಲ.

ಕಾಲೇಜಿನಲ್ಲಿಯೇ ಹಾಡಿಕೆ ಇಡಿಸುವುದೆಂದು ನಿರ್ಧರಿಸಿದೆ. ಹುಲಿಗೆವ್ವನಿಗೆ ಶಿಕ್ಕೆಯಿರುವ ಪ್ರಮಾಣಪತ್ರ ಸಿಗಬೇಕು, ನನ್ನ ಅಂಕಣಕ್ಕೂ ಚ್ಯುತಿ ಬರಬಾರದು. ಎರಡನ್ನೂ ಸಾಧಿಸುವ ಉಪಾಯ ಹೊಳೆಯಿತು. ಹುಲಿಗೆವ್ವ ಸಂತೆಗೆಂದು ಕುಷ್ಟಗಿಗೆ ಬಂದ ದಿನ ಇಬ್ಬರನ್ನೂ ಗಾದಿ ಅಂಗಡಿಯಲ್ಲಿ ಕೂಡಿಸಿ ಹೇಳಿದೆ: ಈ ಸಲ ಮೌಲಾಸಾಬರು ಹೆಣ್ಣು ಹೆಚ್ಚೆಂದು ಹಾಡಲಿ, ಹುಲಿಗೆವ್ವ ಗಂಡು ಹೆಚ್ಚೆಂದು ಹಾಡಲಿ. ವಿದ್ಯಾರ್ಥಿಗಳಿಗೆ ಅದೊಂದು ಪಾಠವಾಗುತ್ತದೆ.

ಹುಲಿಗೆವ್ವ ಚೀಲ ಕೆಳಗಿಟ್ಟಳು. ಗಿಡ್ಡ ಹೆಂಗಸು, ಹಣೆತುಂಬ ಭಂಡಾರ, ಮಾತಿಗೆ ಮುಂಚೆ ಹುಬ್ಬು ಏರಿಸುವ ಅಭ್ಯಾಸ.

"ನಾ ಗಂಡು ಹೆಚ್ಚು ಅಂತ ಹಾಡಿದ್ರ ನಮ್ಮ ಗುರುವಿನ ಗದ್ದಿಗಿ ಬಿರುಕು ಬಿಡತೈತಿ ತಂಗಿ. ಅದೂ ಅಲ್ದ, ಮನ್ಯಾಗ ಗಂಡ ಕೇಳಿಸಿಕೊಂಡು ಖರೇ ಅಂತ ತಿಳಕೊಂಡಾನು!"

ಮೌಲಾಸಾಬರು ನಗಲಿಲ್ಲ. "ಚೀಟಿ ಎತ್ತಿ ಕಡೆ ಬದಲಿ ಮಾಡ್ತಾರಂತಲ್ರಿ ನಿಮ್ಮಲ್ಲಿ. ಅಪ್ಪನ್ನೂ ಹಂಗ ಬದಲಿ ಮಾಡ್ತಾರೇನ್ರಿ ಅಕ್ಕೋರ?"

"ಎದುರಿನವರ ಮಾತು ಅರ್ಥ ಆಗಬೇಕಾದ್ರ ಅವರ ಜಾಗದಾಗ ನಿಲ್ಲಬೇಕಲ್ರಿ," ಎಂದೆ.

"ಈಕಿ ಮಾತು ನನಗ ಮೂವತ್ತು ವರ್ಷದಿಂದ ಅರ್ಥ ಆಗೈತಿ. ಈಕಿ ಏನು ಹಾಡತಾಳ ಅನ್ನೂದು ಗೊತ್ತಿದ್ದಕ್ಕ ನನಗ ನಿದ್ದಿ ಬರೂದಿಲ್ಲ. ನಾಳೆ ಈಕಿ ಜಾಗದಾಗ ನಿಂತ್ರ ಛಲೋ ನಿದ್ದಿ ಬಂದೀತು. ಹಾಡಿಕಿ ಸತ್ತಿರತೈತಿ."

ನಾನು ಸೋತೆನೆಂದು ಆಗ ಒಪ್ಪಲಿಲ್ಲ, ಅವರದು ಹಟವೆಂದುಕೊಂಡೆ. ಕಡೆ ಬದಲಿಸದೆ ಹಾಡಲು ಒಪ್ಪಿಗೆ ಕೊಟ್ಟೆನಾದರೂ, ಅದು ಹುಲಿಗೆವ್ವನ ಕಾಗದಕ್ಕಾಗಿ ಮಾಡಿದ ರಿಯಾಯಿತಿಯೆಂಬ ಭಾವ ನನ್ನಲ್ಲಿತ್ತು.

ಕಾರ್ಯಕ್ರಮ ಹಿಂಗಾರಿನ ಕಡಲೆ ಹೂಬಿಡುವ ಹೊತ್ತಿಗೆ ಬಂತು. ಮೋಡವಿಲ್ಲದ ಆಕಾಶ, ಚುರುಗುಟ್ಟುವ ಗಾಳಿ. ಮಹಿಳಾ ಸಮಾನತೆಯನ್ನು ಕುರಿತ ದಿನಾಚರಣೆಯಾದ್ದರಿಂದ ಪ್ರಾಚಾರ್ಯರು ಒಬ್ಬ ಮುಖಂಡರನ್ನು ಉದ್ಘಾಟನೆಗೆ ಕರೆದಿದ್ದರು. ಹತ್ತಕ್ಕೆ ಬರಬೇಕಾದವರು ಹನ್ನೊಂದೂವರೆಗೆ ಬಂದರು. ಮೂರು ಚುನಾವಣೆಯಲ್ಲಿ ಮೂರು ಬಣ್ಣದ ಶಾಲು ಹೊದ್ದವರು. ತತ್ವನಿಷ್ಠೆಯ ಮೇಲೆ ಮುಕ್ಕಾಲು ತಾಸು ಮಾತಾಡಿದರು. ಪರದೆಯ ಪಕ್ಕದಲ್ಲಿ ದಪ್ಪು ಹಿಡಿದು ಕಾಯುತ್ತಿದ್ದ ಮೌಲಾಸಾಬರು ನನ್ನತ್ತ ಬಾಗಿದರು.

"ಇವರೂ ನಿಮ್ಮಂಗ ಕಲ್ತವರೇನ್ರಿ ಅಕ್ಕೋರ? ಚೀಟಿ ಭಾಳ ಸಲ ಎತ್ತ್ಯಾರ."

ಮುಖಂಡರನ್ನು ಗೇಲಿ ಮಾಡುವುದು ಸುಲಭ. ಆ ಮಾತು ನನಗೂ ತಗುಲುವಂಥದೆಂದು ಅಂದೇ ಹೊಳೆದಿತ್ತೆಂದು ಹೇಳಿದರೆ ಸುಳ್ಳಾದೀತು. ವರ್ಷಗಳ ಮೇಲೆ ಯೋಚಿಸಿದಾಗ ಹೀಗೆ ಅನ್ನಿಸಿದೆ: ಯಾವ ಕಡೆಯಿಂದಲೂ ಮಾತಾಡಬಲ್ಲೆನೆಂಬ ಜಾಣತನವನ್ನು ನಾವು ಕಾಲೇಜುಗಳಲ್ಲಿ ಬಹುಮಾನ ಕೊಟ್ಟು ಬೆಳೆಸುತ್ತೇವೆ. ಅದೇ ಜಾಣತನ ವಿಧಾನಸೌಧದ ಮೆಟ್ಟಿಲಲ್ಲಿ ಕಂಡಾಗ ಹೌಹಾರುತ್ತೇವೆ. ದೂರದರ್ಶನದ ಸಂಜೆಯ ಜಗಳಗಳಲ್ಲಿ ಕೂರುವವರೂ ಸಿನಿಮಾದಲ್ಲಿ ಒಂದು ವರ್ಷ ರೈತನನ್ನು, ಮರುವರ್ಷ ರೌಡಿಯನ್ನು ಮೆರೆಸುವವರೂ ಈ ತರಬೇತಿಯವರೇ. ಒಂದು ಮಾತಿಗೆ ಆಯುಷ್ಯ ಕೊಟ್ಟವನು ಎದುರಾಳಿಯನ್ನು ಕಳೆದುಕೊಳ್ಳಲು ಹೆದರುತ್ತಾನೆ. ಯಾವ ಮಾತಿಗೂ ಏನೂ ಕೊಡದವನಿಗೆ ಎದುರಾಳಿ ಇದ್ದರೂ ಒಂದೇ, ಹೋದರೂ ಒಂದೇ.

ಮೌಲಾಸಾಬರು ವೇದಿಕೆಗೆ ಬಂದು ನಮಿಸಿ ಸವಾಲು ಎತ್ತಿದರು. ಬೀಜದ ನುಡಿ ಬಂದಿತ್ತಷ್ಟೆ, ಮೂರನೆಯ ಸಾಲಿನಲ್ಲಿ ಕುಳಿತಿದ್ದ ರೇಣುಕಾ ಎದ್ದು ನಿಂತಳು. ನನ್ನ ಚರ್ಚಾ ತಂಡದ ಅತ್ಯುತ್ತಮ ಹುಡುಗಿ. ಕೈಯಲ್ಲಿ ನನ್ನ ಅಂಕಣದ ಹಾಳೆಯಿತ್ತು. ಮೂರು ಸಲ ತಿದ್ದಿದ ಆ ವಾಕ್ಯವನ್ನು ಎಲ್ಲಿ ತಡೆಯಬೇಕೋ ಅಲ್ಲಿ ತಡೆದು, ಎಲ್ಲಿ ದನಿ ಏರಿಸಬೇಕೋ ಅಲ್ಲಿ ಏರಿಸಿ ಓದಿದಳು. ನಾನೇ ಕಲಿಸಿದ ರೀತಿ, ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

"ಈ ಹಾಡು ಇಲ್ಲಿಗೆ ನಿಲ್ಲಬೇಕು!" ಎಂದಳು. ಅವಳ ಸುತ್ತಲಿನವರು ಬೆಂಚು ಬಡಿದರು. ಮುಖಂಡರು ಗಾಳಿ ಬಂದ ದಿಕ್ಕು ನೋಡಿ ಚಪ್ಪಾಳೆ ತಟ್ಟಿದರು. ಪ್ರಾಚಾರ್ಯರು ಗಾಬರಿಯಿಂದ ವೇದಿಕೆಯತ್ತ ಕೈ ಬೀಸಿದರು.

ಮೌಲಾಸಾಬರು ದಪ್ಪನ್ನು ಹಣೆಗೊತ್ತಿಕೊಂಡು ಕೆಳಗಿಟ್ಟರು. ಹುಲಿಗೆವ್ವ ತಾಳ ಹಿಡಿದು ನಿಂತೇ ಇದ್ದಳು. ಹುಬ್ಬು ಏರಿತ್ತು, ಬಾಯಿ ತೆರೆದಿತ್ತು. ಯಾರೂ ಅವಳನ್ನು ತಡೆದಿರಲಿಲ್ಲ. ಆದರೆ ಅವಳು ಹಾಡುವಂತಿರಲಿಲ್ಲ. ಸವಾಲು ಅರ್ಧಕ್ಕೆ ನಿಂತಿತ್ತು. ನಾನು ಎದ್ದು, ಮಕ್ಕಳೇ, ಜವಾಬು ಕೇಳಿ ಆಮೇಲೆ ತೀರ್ಪು ಕೊಡಿ ಎನ್ನಬಹುದಿತ್ತು. ಅನ್ನಲಿಲ್ಲ. ರೇಣುಕಾಳ ವಾದ ನನ್ನದೇ ಆಗಿತ್ತು, ಸಭೆ ಅದನ್ನು ಮೆಚ್ಚಿತ್ತು. ಆ ಮೆಚ್ಚುಗೆಯ ಒಂದು ಪಾಲು ನನಗೂ ಬಂದು ತಾಗುತ್ತಿತ್ತೆಂಬುದನ್ನು ಇಂದು ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಊಟದ ನಂತರ ಪ್ರಮಾಣಪತ್ರ ಬರೆದು, ಪ್ರಾಚಾರ್ಯರಿಂದ ಶಿಕ್ಕೆ ಒತ್ತಿಸಿಕೊಂಡು ಹೊರಗೆ ಬಂದೆ. ಇಬ್ಬರೂ ಬೇವಿನ ಮರದ ಕೆಳಗೆ ಸಾಮಾನು ಕಟ್ಟುತ್ತಿದ್ದರು. ಕಾಗದವನ್ನು ಹುಲಿಗೆವ್ವನ ಕೈಗಿತ್ತೆ.

"ಏನ್ ಬರದೈತಿ, ಓದು ತಂಗಿ."

"'ನಾಗೇಶಿ ಪದಗಳನ್ನು ಹಾಡಿದರು' ಅಂತ ಐತ್ರಿ."

ಅವಳು ಕಾಗದವನ್ನು ಮಡಚದೆ ಹಿಂದಕ್ಕೆ ಚಾಚಿದಳು. "ಹಾಡಿಲ್ಲಲ್ಲವ್ವಾ."

"ತಪ್ಪು ನಮ್ಮದು. ನೀವು ತಯಾರಿದ್ರಿ. ಮಾಸಾಶನಕ್ಕ ಬೇಕಲ್ರಿ ಇದು."

"ಬೇಕು. ಇಲ್ಲನ್ನಂಗಿಲ್ಲ. ಖರೇನ ಬೇಕು. ಆದ್ರ ಹಾಡದ ಹಾಡಿಗೆ ಕಾಗದ ತಗೊಂಡು ಹೋದ್ರ, ನಾಳೆ ಯಾರರೆ ಎರಡು ನುಡಿ ಅನ್ನು ಅಂದಾಗ ನನ್ನ ಬಾಯಿ ನನ್ನ ಮಾತು ಕೇಳೂದಿಲ್ಲ."

"ಹಂಗಾರ ಇಲ್ಲೇ ಹಾಡ್ರಿ, ನಾ ಕೇಳ್ತೀನಿ."

"ಈ ಮೌಲಣ್ಣ ಸವಾಲು ಹಾಕದ ನಾ ಏನಂತ ಹೇಳಲಿ?"

ಮೌಲಾಸಾಬರು ಕಟ್ಟಿದ ಗಂಟನ್ನು ಬಿಚ್ಚತೊಡಗಿದರು. "ನಿನ್ನ ಸಲುವಾಗಿ ಎರಡನೆ ಸಲ ಬೈಸಿಕೊಳ್ಳಾಕ ತಯಾರದೀನಿ ಹುಲಿಗೆವ್ವ. ತಾಳ ತಗಿ," ಎಂದು ಅರ್ಧ ದನಿಯಲ್ಲಿ ಬೀಜದ ನುಡಿಯನ್ನೇ ಎತ್ತಿದರು. ಅದು ಮುಗಿಯುವ ಮೊದಲೇ ಹುಲಿಗೆವ್ವ ಎರಗಿದಳು.

"ಕಣಜದ ಬೀಜಕ ಎಲ್ಲಿ ಬಂದಿತೊ ಮೊಳಕಿ?
ಬಿತ್ತದ ನೆಲ ನೋಡೊ, ಹಸರ ಹುಲ್ಲಿನ ಹೊದಿಕಿ!"

ನನ್ನ ಅಂಕಣದ ಆರುನೂರು ಪದಗಳಲ್ಲಿ ಈ ಎರಡು ಸಾಲಿಗೆ ಸಮನಾದ ವಾದ ಒಂದೂ ಇರಲಿಲ್ಲ. ಅವಳು ಮುಂದುವರಿದಳು. ಗಂಡಿನ ಒಂದೊಂದು ಹೆಗ್ಗಳಿಕೆಯನ್ನೂ ಎತ್ತಿ, ತಿರುವಿ, ಅದರ ಅಡಿಭಾಗವನ್ನು ಬಿಸಿಲಿಗೆ ತೋರಿಸಿದಳು. ಪೆಟ್ಟು ಬಿದ್ದಾಗಲೆಲ್ಲ ಮೌಲಾಸಾಬರು ತಲೆದೂಗಿ ದಪ್ಪಿಗೆ ಒಂದು ಏಟು ಹೆಚ್ಚು ಹಾಕುತ್ತಿದ್ದರು. ತರಗತಿಗಳಿಂದ ಹುಡುಗಿಯರು ಬಂದು ಸೇರಿದರು. ರೇಣುಕಾ ಕಂಬದ ಹತ್ತಿರ ನಿಂತು ಕೊನೆಯವರೆಗೂ ಕೇಳಿದಳು. ಆಮೇಲೆ ನನ್ನ ಬಳಿ ಬಂದು ತಗ್ಗಿದ ದನಿಯಲ್ಲಿ, "ಮೇಡಂ, ಇಂಥಾ ಜವಾಬು ಐತಿ ಅಂತ ಮೊದ್ಲ ಹೇಳಬೇಕಿತ್ತಲ್ರಿ," ಎಂದಳು.

"ನನಗೂ ಗೊತ್ತಿರಲಿಲ್ಲ," ಎಂದೆ.

ಪ್ರಮಾಣಪತ್ರದಲ್ಲಿ 'ಸಭಾಂಗಣದಲ್ಲಿ' ಎಂದಿದ್ದುದನ್ನು ಹೊಡೆದು 'ಆವರಣದಲ್ಲಿ' ಎಂದು ತಿದ್ದಿ, ಪಕ್ಕದಲ್ಲಿ ನನ್ನ ರುಜು ಹಾಕಿದೆ. ಹುಲಿಗೆವ್ವ ಈ ಸಲ ಕಾಗದವನ್ನು ಮಡಚಿ ಕುಪ್ಪಸದೊಳಗಿಟ್ಟುಕೊಂಡಳು. ಮುಂದಿನ ವಾರ ಅಂಕಣದಲ್ಲಿ ನಡೆದುದನ್ನು ನಡೆದಂತೆ ಬರೆದೆ; ನಾನು ಅರ್ಧ ಕೇಳಿ ಎದ್ದುಬಂದದ್ದನ್ನೂ ಬರೆದೆ. ಅದರ ಮೇಲೆ ಯಾರೂ ಯಾವ ತುಣುಕನ್ನೂ ಅಂಟಿಸಲಿಲ್ಲ, ಯಾರೂ ಅದನ್ನು ನನಗೆ ಕಳಿಸಲಿಲ್ಲ. ಎಲೆ ಅಡಿಕೆ ಕೊಟ್ಟ ಊರುಗಳು ಸುಮ್ಮನೆಯೇ ಉಳಿದವು.

ಬೇಸಿಗೆಯಲ್ಲಿ ನನ್ನ ಕೆಲಸದ ಅವಧಿ ಮುಗಿಯಿತು, ಮತ್ತೆ ಕರೆ ಬರಲಿಲ್ಲ. ಕೊಪ್ಪಳಕ್ಕೆ ಮನೆ ಬದಲಿಸುವ ಮುನ್ನ, ಶ್ರಾವಣ ಹತ್ತಿದ ಮೇಲೆ, ಹುಲಿಗೆವ್ವನನ್ನು ಹುಡುಕಿಕೊಂಡು ಮಂಗಳೂರಿಗೆ ಹೋದೆ. ಆ ಊರಿನಲ್ಲಿಯೂ ಆ ಸಲ ಹಾಡಿಕೆ ಇರಲಿಲ್ಲ. ಮಳೆ ಎರಡು ದಿನ ಬಿಡುವು ಕೊಟ್ಟಿದ್ದರಿಂದ ಹೆಂಗಸರೆಲ್ಲ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋಗಿದ್ದರು. ಬದುವಿನ ಮೇಲೆ ನಡೆದು ಹೋಗಿ ಹುಲಿಗೆವ್ವನನ್ನು ಕಂಡೆ. ಉಡಿಯ ತುಂಬ ಕಾಯಿ ಕಟ್ಟಿಕೊಂಡು ಸಾಲಿನ ನಡುವೆ ಕುಳಿತಿದ್ದಳು. ಅರ್ಜಿ ಕೊಪ್ಪಳದಲ್ಲಿ ಮೇಜಿನಿಂದ ಮೇಜಿಗೆ ಹೋಗುತ್ತಿದೆಯೆಂದು ಹೇಳಿದಳು.

ನಾನು ಕ್ಷಮೆ ಕೇಳಲು ಬಂದಿದ್ದೆ. ಬಸ್ಸಿನಲ್ಲಿ ಅದನ್ನು ಮೂರು ಭಾಗವಾಗಿ ಜೋಡಿಸಿಕೊಂಡಿದ್ದೆ: ಮೊದಲು ತಪ್ಪಿನ ಒಪ್ಪಿಗೆ, ಆಮೇಲೆ ಕಾರಣ, ಕೊನೆಗೆ ವಚನ. "ಹುಲಿಗೆವ್ವ, ನನ್ನಿಂದ ನಿಮ್ಮ ಹಾಡಿಕೆ..." ಎಂದು ಮೊದಲ ಭಾಗ ಎತ್ತಿದೆನಷ್ಟೆ, ಅವಳ ಎಲೆ ಅಡಿಕೆ ಚೀಲದಲ್ಲಿದ್ದ ಫೋನು ಬಡಿದುಕೊಂಡಿತು.

"ತಡಿ ತಂಗಿ," ಎಂದು ಕೈಯೆತ್ತಿದಳು. "ಮೌಲಣ್ಣ. ಸವಾಲು ಬಂತು."

ಫೋನನ್ನು ಬದುವಿನ ಕಲ್ಲಿನ ಮೇಲೆ ನಿಲ್ಲಿಸಿ ದನಿ ದೊಡ್ಡದು ಮಾಡಿದಳು. ಕುಷ್ಟಗಿಯ ಅಂಗಡಿಯಿಂದ ದಪ್ಪಿನ ಸದ್ದು, ಅದರ ಹಿಂದೆ ಸೂಜಿ ಬಾಯಲ್ಲಿ ಕಚ್ಚಿಕೊಂಡವನಂತಹ ದನಿ. ಸಾಲುಸಾಲಿನ ಹೆಂಗಸರು ಬಿಡಿಸುವುದನ್ನು ನಿಲ್ಲಿಸದೆ ಕಿವಿಯನ್ನಷ್ಟೆ ಇತ್ತ ತಿರುಗಿಸಿದರು. ಹುಲಿಗೆವ್ವ ಕಣ್ಣು ಮುಚ್ಚಿ, ಮಣ್ಣು ಮೆತ್ತಿದ ಬೆರಳಿನಿಂದ ಮೊಣಕಾಲಿನ ಮೇಲೆ ತಾಳ ಹಾಕುತ್ತ, ಜವಾಬು ಹುಡುಕುತ್ತಿದ್ದಳು.

"ಸುಮ್ನ ನಿಂತೀರಲ್ರಿ ಬಾಯಾರ," ಪಕ್ಕದ ಸಾಲಿನ ಮುದುಕಿಯೊಬ್ಬಳು ಗದರಿಸಿದಳು. "ಆಕಿ ಹಾಡೂತನಕ ಆಕಿ ಸಾಲು ಯಾರು ಬಿಡಸ್ಬೇಕು?"

ನಾನು ಚಪ್ಪಲಿ ಕಳೆದು ಹುಲಿಗೆವ್ವನ ಸಾಲಿಗಿಳಿದು ಕುಳಿತೆ.